ಹಳೆಯ ಅಡ್ಜಸ್ಟೆಬಲ್ ರೇಜರ್: ಬಿಗಿದ ಬಳೆ ಸಡಿಲಿಸುವುದು ಮತ್ತು ಅಂಕೆಯ ಹದ

ಪೆರ್ಲದ ಸ್ನೇಹಿತರಿಗೆ ನಮಸ್ಕಾರ. ಮುಂಬಯಿಯ ಹೋಟೆಲಿನಲ್ಲಿದ್ದ ನಿಮ್ಮ ದೊಡ್ಡಪ್ಪನವರ ಟ್ರಂಕಿನಲ್ಲಿ ಸಿಕ್ಕಿದ ಜಿಲೆಟ್ ರೇಜರಿನ ಅಂಕೆಗಳ ಬಳೆ 4 ಮತ್ತು 5ರ ನಡುವೆ ಸಿಕ್ಕಿಕೊಂಡಿದೆ, ಬ್ಲೇಡನ್ನು ಮುಚ್ಚುವ ಮೇಲಿನ ಬಾಗಿಲುಗಳಲ್ಲಿ ಒಂದು ಪೂರ್ತಿ ಕೂರುವುದಿಲ್ಲ, ಇದನ್ನು ಸರಿಪಡಿಸಿ ಬಳಸಬಹುದೇ, ಬಳಸುವುದಾದರೆ ಯಾವ ಅಂಕೆಯಲ್ಲಿ ಆರಂಭಿಸಬೇಕು ಎಂದು ಕೇಳಿದ್ದೀರಿ. ಉತ್ತರವಾಗಿ ಒಬ್ಬರು ಹುಣಸೆಹುಳಿಯಲ್ಲಿ ನೆನೆಹಾಕಲು, ಇನ್ನೊಬ್ಬರು ಬಟ್ಟೆ ಸುತ್ತಿ ಇಕ್ಕಳದಿಂದ ತಿರುಗಿಸಲು, ಮತ್ತೊಬ್ಬರು ತೆಂಗಿನೆಣ್ಣೆ ಬಿಡಲು ಸೂಚಿಸಿದ್ದಾರೆ. ಈ ಮೂರನ್ನೂ ದಯವಿಟ್ಟು ಮಾಡಬೇಡಿ. ಈ ಜಾತಿಯ ರೇಜರುಗಳು ವಯಸ್ಸಿನಿಂದ ಕೆಟ್ಟದ್ದಕ್ಕಿಂತ ರಿಪೇರಿಯಿಂದ ಕೆಟ್ಟದ್ದೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ಮೊದಲು ನಿಮ್ಮ ಕೈಯಲ್ಲಿರುವುದು ಯಾವುದೆಂದು ನೋಡೋಣ. ಹಿಡಿ ತೆಳ್ಳಗಿದೆ, ಬಳೆಯಲ್ಲಿ 1ರಿಂದ 9ರವರೆಗೆ ಅಂಕೆಗಳಿವೆ, ತಲೆಯ ಅಡಿಭಾಗದಲ್ಲಿ ಜೆ ಅಕ್ಷರವೂ 2 ಎಂಬ ಅಂಕೆಯೂ ಇವೆ ಎಂದು ಬರೆದಿದ್ದೀರಿ. ಹಾಗಾದರೆ ಅದು ಅಮೆರಿಕದಲ್ಲಿ ತಯಾರಾದ ಸ್ಲಿಮ್ ಮಾದರಿ. ಜೆ ಎಂದರೆ 1964, 2 ಎಂದರೆ ಆ ವರ್ಷದ ಎರಡನೆಯ ತ್ರೈಮಾಸಿಕ. ಇದಕ್ಕಿಂತ ಮುಂಚಿನ, ದಪ್ಪ ಹಿಡಿಯ ಮಾದರಿಯನ್ನು ಸಂಗ್ರಾಹಕರು ಫ್ಯಾಟ್‌ಬಾಯ್ ಎನ್ನುತ್ತಾರೆ. ಅದು 1958ರಿಂದ 1961ರವರೆಗೆ ಬಂದಿತ್ತು. ಎರಡರ ಒಳಗಿನ ಕೆಲಸವೂ ಹೆಚ್ಚುಕಡಿಮೆ ಒಂದೇ. ಹಿತ್ತಾಳೆಯ ಒಡಲಿಗೆ ನಿಕ್ಕಲ್ ಲೇಪವಿರುತ್ತದೆ. ಹಿಡಿಯ ಬುಡದ ಗುಂಡಿಯನ್ನು ತಿರುಗಿಸಿದರೆ ಬಾಗಿಲುಗಳು ತೆರೆದುಕೊಳ್ಳುತ್ತವೆ, ಬಳೆಯನ್ನು ತಿರುಗಿಸಿದರೆ ಬ್ಲೇಡಿನ ಅಲಗಿಗೂ ಅದರ ಕೆಳಗಿನ ರಕ್ಷಕ ಪಟ್ಟಿಗೂ ನಡುವಿನ ಸಂದು ಹೆಚ್ಚುಕಡಿಮೆಯಾಗುತ್ತದೆ.

ಬಳೆ ಸಿಕ್ಕಿಕೊಳ್ಳಲು ಕಾರಣ ಸಾಮಾನ್ಯವಾಗಿ ತುಕ್ಕಲ್ಲ. ಹಿತ್ತಾಳೆಗೆ ತುಕ್ಕು ಹಿಡಿಯುವುದಿಲ್ಲ. ನಿಮಗೆ ಕಾಣುವ ಕೆಂಗಂದು ಕಲೆ ಯಾವುದೋ ಹಳೆಯ ಬ್ಲೇಡಿನದ್ದು, ಹಸಿರು ಕಂಡರೆ ಅದು ಲೇಪ ಸವೆದಲ್ಲಿ ಹಿಡಿದ ಕಿಲುಬು. ಒಳಗೆ ಗಟ್ಟಿಯಾಗಿರುವುದು ವರ್ಷಗಟ್ಟಲೆಯ ಸಾಬೂನು. ಗಡಸು ನೀರಿನ ಕ್ಯಾಲ್ಸಿಯಂ ಸಾಬೂನಿನೊಂದಿಗೆ ಕೂಡಿದಾಗ ನೀರಿನಲ್ಲಿ ಕರಗದ ಗಸಿಯಾಗುತ್ತದೆ, ಅದರ ಮೇಲೆ ಕೂದಲಿನ ಚೂರು ಮತ್ತು ಧೂಳು ಸೇರಿ ಒಣಗಿದರೆ ಬಳೆ ಮಿಸುಕಾಡುವುದಿಲ್ಲ. ಆದುದರಿಂದ ಬಾಗಿಲುಗಳನ್ನು ಪೂರ್ತಿ ತೆರೆದು, ಕೈ ತಾಳುವಷ್ಟು ಬಿಸಿಯಾದ ನೀರಿಗೆ ಪಾತ್ರೆ ತೊಳೆಯುವ ದ್ರವವನ್ನು ಕೆಲವು ಹನಿ ಬೆರೆಸಿ, ರೇಜರನ್ನು ಅರ್ಧ ಗಂಟೆ ಮುಳುಗಿಸಿಡಿ. ಕುದಿಸುವ ಅಗತ್ಯವಿಲ್ಲ. ಅನಂತರ ಮೆತ್ತನೆಯ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬಾಗಿಲಿನ ಕೀಲು, ಪಟ್ಟಿಯ ಸಂದು ಮತ್ತು ಬಳೆಯ ಸುತ್ತಲಿನ ಗೆರೆಯನ್ನು ಉಜ್ಜಿ, ನೀರು ಬದಲಿಸಿ ಮತ್ತೆ ಮುಳುಗಿಸಿ. ಎರಡನೆಯ ನೀರಿನಲ್ಲಿ ಬಿಳಿಯ ತುಣುಕುಗಳು ತೇಲತೊಡಗಿದರೆ ಕೆಲಸ ನಡೆಯುತ್ತಿದೆ ಎಂದೇ ಅರ್ಥ. ಒಂದೇ ದಿನದಲ್ಲಿ ಮುಗಿಯಬೇಕೆಂದಿಲ್ಲ.

ಹುಣಸೆಹುಳಿ ನಮ್ಮ ಹಿತ್ತಾಳೆ ಚೆಂಬಿಗೆ ಒಳ್ಳೆಯದು, ಇದಕ್ಕಲ್ಲ. ಲೇಪ ತೆಳುವಾದಲ್ಲಿ ಹುಳಿ ಒಳಗಿನ ಹಿತ್ತಾಳೆಯನ್ನು ತಿನ್ನತೊಡಗುತ್ತದೆ. ಬೂದಿ ಮತ್ತು ಲೋಹದ ಪಾಲಿಷ್ ಲೇಪವನ್ನೇ ಉಜ್ಜಿ ತೆಗೆಯುತ್ತವೆ.

ಬಳೆಯನ್ನು ತಿರುಗಿಸುವ ಕ್ರಮವೇ ಮುಖ್ಯ, ಹೆಚ್ಚಿನವರು ಎಡವುವುದೂ ಇಲ್ಲೇ. ಬುಡದ ಗುಂಡಿ ಬಿಗಿಯಾಗಿರುವಾಗ ಒಳಗಿನ ಭಾಗಗಳೆಲ್ಲ ಒಂದಕ್ಕೊಂದು ಅದುಮಿಕೊಂಡಿರುತ್ತವೆ, ಆಗ ಬಳೆಯನ್ನು ಒತ್ತಾಯದಿಂದ ತಿರುಗಿಸಿದರೆ ಭಾರವೆಲ್ಲ ತೆಳುವಾದ ತಗಡಿನ ಮೇಲೆ ಬೀಳುತ್ತದೆ. ಗುಂಡಿಯನ್ನು ಅರ್ಧ ಸುತ್ತು ಸಡಿಲಿಸಿ, ಬಳೆಯನ್ನು ಬೇಕಾದ ಅಂಕೆಗೆ ತಂದು, ಮತ್ತೆ ಗುಂಡಿ ಬಿಗಿಯಬೇಕು. ಈಗಲೂ ಹಾಗೆಯೇ ಸಡಿಲಿಸಿಕೊಂಡು, ತಲೆಯನ್ನು ಬಟ್ಟೆಯಲ್ಲಿ ಹಿಡಿದು, ಬಳೆಯನ್ನು ಬೆರಳಿನಿಂದಲೇ ಅತ್ತ ಸ್ವಲ್ಪ, ಇತ್ತ ಸ್ವಲ್ಪ ಅಲುಗಾಡಿಸಿ. ಒಂದೇ ದಿಕ್ಕಿಗೆ ಬಲ ಹಾಕಬೇಡಿ. ಸಡಿಲವಾದ ಮೇಲೆ ಪ್ರತಿ ಅಂಕೆಗೂ ಸಣ್ಣ ಟಿಕ್ ಶಬ್ದ ಕೇಳಿಸಬೇಕು. ಕೆಲವು ಅಂಕೆಗಳಿಗೆ ಕೇಳಿಸಿ ಕೆಲವಕ್ಕೆ ಕೇಳಿಸದಿದ್ದರೆ ಒಳಗೆ ಇನ್ನೂ ಕೊಳೆ ಉಳಿದಿದೆ, ಮತ್ತೊಮ್ಮೆ ನೆನೆಹಾಕಿ. ರಿವೆಟ್ ಮಾಡಿದ ಯಂತ್ರವಾದ್ದರಿಂದ ಬಿಚ್ಚಿ ನೋಡುವ ಆಸೆಯನ್ನು ಬಿಟ್ಟುಬಿಡುವುದೇ ಒಳಿತು.

ಪೂರ್ತಿ ಒಣಗಿದ ಮೇಲೆ ಹೊಲಿಗೆ ಯಂತ್ರದ ಎಣ್ಣೆಯನ್ನು ಬಳೆಯ ಗೆರೆಗೆ ಒಂದು ಹನಿ, ಕೀಲುಗಳಿಗೆ ಸೂಜಿಯ ತುದಿಯಲ್ಲಿ ನಿಲ್ಲುವಷ್ಟು, ಬುಡದ ಗುಂಡಿಯ ಸಂದಿಗೆ ಒಂದು ಹನಿ ಬಿಟ್ಟು, ಕೆಲವು ಸಲ ತೆರೆದು ಮುಚ್ಚಿ, ಹೊರಬಂದ ಎಣ್ಣೆಯನ್ನು ಒರೆಸಿ. ಧನು ತಿಂಗಳ ಬೆಳಿಗ್ಗೆ ಬಾಟಲಿಯಲ್ಲೇ ಹೆಪ್ಪುಗಟ್ಟುವ ತೆಂಗಿನೆಣ್ಣೆಗೆ ಇಷ್ಟು ಕಿರಿದಾದ ಸಂದಿಯಲ್ಲಿ ಕೆಲಸವಿಲ್ಲ. ಅದು ಕಮಟು ಹಿಡಿದು ಸಾಬೂನನ್ನು ಇನ್ನಷ್ಟು ಹಿಡಿದಿಟ್ಟುಕೊಳ್ಳುತ್ತದೆ.

ಬಾಗಿಲು ಕೂರದಿರುವುದಕ್ಕೂ ಬಹುಮಟ್ಟಿಗೆ ಕೀಲಿನ ಕೊಳೆಯೇ ಕಾರಣ. ತೊಳೆದ ಬಳಿಕ ಹೊಸ ಬ್ಲೇಡು ಹಾಕಿ, ಬಳೆಯನ್ನು 1ಕ್ಕೆ ತಂದು, ಮುಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು ತುದಿಯಿಂದ ನೋಡಿ. ಅಲಗು ಮತ್ತು ಪಟ್ಟಿಯ ನಡುವೆ ಕಾಣುವ ಬೆಳಕಿನ ಗೆರೆ ಎರಡೂ ಬದಿಯಲ್ಲಿ ಒಂದೇ ಅಗಲವಾಗಿದ್ದು, ಈ ತುದಿಯಿಂದ ಆ ತುದಿಗೆ ಸಮನಾಗಿರಬೇಕು. ವ್ಯತ್ಯಾಸ ಕಂಡರೆ ಬ್ಲೇಡನ್ನು ತೆಗೆದು ತಿರುಗಿಸಿ ಹಾಕಿ ಮತ್ತೆ ನೋಡಿ: ವ್ಯತ್ಯಾಸವೂ ಬ್ಲೇಡಿನೊಂದಿಗೆ ಬದಿ ಬದಲಿಸಿದರೆ ದೋಷ ಬ್ಲೇಡಿನದು, ಅಲ್ಲೇ ಉಳಿದರೆ ರೇಜರ್ ಯಾವಾಗಲೋ ನೆಲಕ್ಕೆ ಬಿದ್ದು ಬಾಗಿದೆ. ಅಂತಹದ್ದನ್ನು ಮುಖಕ್ಕೆ ಬಳಸಬಾರದು. ಬೇರೆಯವರು ಬಳಸಿದ ವಸ್ತುವಾದ್ದರಿಂದ ಮೊದಲ ಬಳಕೆಗೆ ಮುಂಚೆ ಸರ್ಜಿಕಲ್ ಸ್ಪಿರಿಟ್ಟಿನಲ್ಲಿ ಅದ್ದಿ ಒಣಗಿಸಿ.

ಇನ್ನು ಅಂಕೆ. ಅಂಕೆ ಹರಿತವನ್ನು ಅಳೆಯುವುದಿಲ್ಲ, ಸಂದನ್ನು ಮಾತ್ರ. ಮೊದಲ ದಿನ 2 ಅಥವಾ 3ರಲ್ಲಿ, ಕೂದಲು ಬೆಳೆದ ದಿಕ್ಕಿಗೇ ಎಳೆಯಿರಿ. ಅಲಗು ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆಯಾಗಿರಲಿ, ಭಾರವನ್ನು ರೇಜರಿಗೇ ಬಿಡಿ. ನೊರೆ ಮಾತ್ರ ಹೋಗಿ ಕೂದಲು ಉಳಿದರೆ ಮುಂದಿನ ಸಲ ಒಂದೇ ಅಂಕೆ ಏರಿಸಿ. ಕಡಿಮೆ ಅಂಕೆ ಎಂದರೆ ಮೃದು ಎಂಬ ನಂಬಿಕೆ ಪೂರ್ತಿ ಸರಿಯಲ್ಲ, ಏಕೆಂದರೆ ಅದೇ ಜಾಗದಲ್ಲಿ ನಾಲ್ಕು ಸಲ ಎಳೆಯುವಂತಾದರೆ ಉರಿ ಹೆಚ್ಚೇ ಆಗುತ್ತದೆ. ಮೂರು ದಿನ ಬೆಳೆದ ಗಡ್ಡಕ್ಕೆ ಮೊದಲ ಸುತ್ತು 5ರಲ್ಲಿ, ಎರಡನೆಯದು 3ರಲ್ಲಿ ಎಂಬ ಕ್ರಮ ನನಗೆ ಹಿಡಿಸಿದೆ. 7ಕ್ಕಿಂತ ಮೇಲೆ ಹೋಗಬೇಕಾದ ಗಡ್ಡ ಅಪರೂಪ. ಬ್ಲೇಡಿನ ಕಂಪನಿ ಬದಲಿಸಿದ ದಿನ ಅಂಕೆಯನ್ನು ಬದಲಿಸಬೇಡಿ, ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ದಿನದ ಕೆಲಸದ ನಂತರ ಬಾಗಿಲನ್ನು ಸ್ವಲ್ಪ ತೆರೆದು ನೀರಿನಡಿ ಹಿಡಿದು, ಕೊಡವಿ, ಗಾಳಿಯಾಡುವಲ್ಲಿ ನಿಲ್ಲಿಸಿಡಿ. ಬಚ್ಚಲಿನ ಕಲ್ಲಿಗೆ ಬಡಿಯುವುದು ಬೇಡ. ಆಟಿಯ ಮಳೆಯಲ್ಲಿ ಬ್ಲೇಡು ರೇಜರಿನಲ್ಲೇ ಉಳಿದರೆ ಬೇಗ ತುಕ್ಕು ಹಿಡಿಯುತ್ತದೆ, ಆಗ ತೆಗೆದು ಒಣಗಿಸುವುದೇ ಸರಿ. ಹಳೆಯ ಬ್ಲೇಡುಗಳನ್ನು ಸೀಳು ಮಾಡಿದ ಮುಚ್ಚಿದ ಡಬ್ಬಿಗೆ ಹಾಕಿ. ಗೊಬ್ಬರದ ಗುಂಡಿಗೂ ಮನೆಮನೆಯಿಂದ ಕಸ ಸಂಗ್ರಹಿಸುವ ಕೇರಳದ ಹರಿತ ಕರ್ಮ ಸೇನೆಯವರಿಗೆ ಕೊಡುವ ಪ್ಲಾಸ್ಟಿಕ್ ಚೀಲಕ್ಕೂ ಬಿಡಿಬಿಡಿಯಾಗಿ ಸೇರಿಸಿದರೆ ಬೇರೆಯವರ ಕೈ ಕೊಯ್ಯುತ್ತದೆ.

ಎರಡು ಮೂರು ಸಲ ನೆನೆಹಾಕಿದ ಮೇಲೂ ಬಳೆ ಅಲುಗದಿದ್ದರೆ, ಹೊಸ ಬ್ಲೇಡು ಹಾಕಿ ಮುಚ್ಚಿದ ತಲೆಯ ಎರಡೂ ತುದಿಗಳ ಚಿತ್ರವನ್ನೂ ಹಿಡಿಯ ಬುಡದಲ್ಲಿ ಬಿರುಕಿದೆಯೇ ಎಂದು ತೋರುವ ಒಂದು ಚಿತ್ರವನ್ನೂ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.