ಓದುಗರ ಪ್ರಶ್ನೆ: ಮಾಡದ ಕೆಲಸವನ್ನು ರೆಸ್ಯೂಮೆಯಲ್ಲಿ ಬರೆಯಬಹುದೇ?

ಪ್ರಶ್ನೆ: ಮಾನ್ಯರೇ, ನಾನು 2022ರಲ್ಲಿ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಬಿ.ಇ. ಮುಗಿಸಿದೆ. ತಂದೆಯವರ ಅನಾರೋಗ್ಯದ ಕಾರಣ ಎರಡು ವರ್ಷ ಊರಿನಲ್ಲೇ ಇರಬೇಕಾಯಿತು. ಆಮೇಲೆ ಬೆಂಗಳೂರಿಗೆ ಬಂದು, ಪಿ.ಜಿ.ಯಲ್ಲಿದ್ದುಕೊಂಡು ಸಾಫ್ಟ್‌ವೇರ್ ಟೆಸ್ಟಿಂಗ್ ಕೋರ್ಸ್ ಮಾಡಿದೆ. ಫ್ರೆಶರ್ ಎಂದು ಅರ್ಜಿ ಹಾಕಿದರೆ ಕರೆಯೇ ಬರುವುದಿಲ್ಲ. ಈಗ ಕೋರ್ಸ್ ನಡೆಸುವವರೇ ಒಂದು ಕನ್ಸಲ್ಟೆನ್ಸಿಯನ್ನು ಪರಿಚಯಿಸಿದ್ದಾರೆ. ಹಣ ಕೊಟ್ಟರೆ ಮೂರು ವರ್ಷದ ಅನುಭವ ಪತ್ರ, ಸ್ಯಾಲರಿ ಸ್ಲಿಪ್, ರಿಲೀವಿಂಗ್ ಲೆಟರ್ ಎಲ್ಲವನ್ನೂ ಕೊಡುತ್ತಾರಂತೆ. ವಿಚಾರಿಸಲು ಫೋನ್ ಬಂದರೆ ಅವರೇ ಉತ್ತರಿಸುತ್ತಾರಂತೆ. ನಮ್ಮ ಪಿ.ಜಿ.ಯ ಇಬ್ಬರು ಹೀಗೆಯೇ ಕೆಲಸಕ್ಕೆ ಸೇರಿದ್ದಾರೆ. ಮನೆಯಲ್ಲಿ ಸಾಲವಿದೆ. ‘ಎಲ್ಲರೂ ಮಾಡುತ್ತಾರೆ, ಸೇರಿದ ಮೇಲೆ ಕಲಿತರಾಯಿತು’ ಎನ್ನುತ್ತಾರೆ. ಏನು ಮಾಡಲಿ?
— ಹೆಸರು ಬೇಡ, ದಾವಣಗೆರೆ

ಉತ್ತರ: ಆ ಹಣ ಕೊಡಬೇಡಿ, ಆ ಪತ್ರ ತೆಗೆದುಕೊಳ್ಳಬೇಡಿ. ಮನೆಯ ಸಾಲ, ಕರೆ ಬಾರದ ತಿಂಗಳುಗಳು, ಪಕ್ಕದ ಮಂಚದವರು ಬೆಳಗ್ಗೆ ಐಡಿ ಕಾರ್ಡ್ ಹಾಕಿಕೊಂಡು ಹೊರಡುವಾಗ ಆಗುವ ಸಂಕಟ, ಇವೆಲ್ಲವನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಹೀಗೆ ಹೇಳುತ್ತಿದ್ದೇನೆ. ಹೊಸಬರು ಆರು ತಿಂಗಳಲ್ಲಿ ಕಲಿತು ಮಾಡಬಹುದಾದ ಕೆಲಸಕ್ಕೂ ಮೂರು ವರ್ಷದ ಅನುಭವ ಬೇಕೆಂದು ಜಾಹೀರಾತು ಕೊಡುವ ಕಂಪನಿಗಳ ತಪ್ಪು ಇದರಲ್ಲಿ ಸಣ್ಣದೇನೂ ಅಲ್ಲ. ಆದರೆ ಸಿಕ್ಕಿಬಿದ್ದಾಗ ದಂಡ ತೆರಬೇಕಾದವರು ಅರ್ಜಿಗೆ ಸಹಿ ಹಾಕಿದ ನೀವೇ ಹೊರತು ಕಂಪನಿಯಲ್ಲ, ಪತ್ರ ಮಾರಿದವರೂ ಅಲ್ಲ.

‘ಫೋನ್ ಬಂದರೆ ನಾವು ನೋಡಿಕೊಳ್ಳುತ್ತೇವೆ’ ಎಂಬ ಭರವಸೆಯನ್ನು ಸ್ವಲ್ಪ ಪರೀಕ್ಷಿಸೋಣ. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್, ಅಂದರೆ ನೀವು ಕೊಟ್ಟ ಹಿಂದಿನ ವಿವರಗಳ ಪರಿಶೀಲನೆ ಎಂಬುದು ಈಗ ಒಂದು ಫೋನ್ ಕರೆಯಲ್ಲಿ ಮುಗಿಯುವ ವಿಷಯವಲ್ಲ. ದೊಡ್ಡ ಕಂಪನಿಗಳು ಇದನ್ನು ಬೇರೆ ಸಂಸ್ಥೆಗಳಿಗೆ ವಹಿಸುತ್ತವೆ, ಮತ್ತು ಆ ಸಂಸ್ಥೆಗಳು ಮೊದಲು ಕೇಳುವ ವಿವರಗಳಲ್ಲಿ ಒಂದು ನಿಮ್ಮ ಯುಎಎನ್, ಅಂದರೆ 2014ರಿಂದ ಭವಿಷ್ಯನಿಧಿ ಸದಸ್ಯರಿಗೆ ಕೊಡುತ್ತಿರುವ ಸಂಖ್ಯೆ. ಅದರ ಸರ್ವಿಸ್ ಹಿಸ್ಟರಿಯಲ್ಲಿ ಯಾವ ಕಂಪನಿಗೆ ಯಾವ ದಿನ ಸೇರಿದಿರಿ, ಯಾವ ದಿನ ಬಿಟ್ಟಿರಿ ಎಂಬುದು ಸಾಲುಸಾಲಾಗಿ ಇರುತ್ತದೆ. ಅದಿಲ್ಲವೆಂದರೆ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತಾರೆ, ಸಂಬಳದಲ್ಲಿ ಕಡಿತವಾದ ತೆರಿಗೆಗೆ ಕಂಪನಿ ಕೊಡುವ ಫಾರ್ಮ್ 16 ಕೇಳುತ್ತಾರೆ. ಮೂರು ವರ್ಷ ದುಡಿದವರ ಖಾತೆಗೆ 36 ತಿಂಗಳ ಸಂಬಳ ಬಂದಿರಬೇಕಲ್ಲವೇ? ಸ್ಯಾಲರಿ ಸ್ಲಿಪ್ ಮುದ್ರಿಸುವವರು ಅದನ್ನು ಎಲ್ಲಿಂದ ತರುತ್ತಾರೆ?

ಇನ್ನೊಂದು ಅಪಾಯವನ್ನು ಅವರು ನಿಮಗೆ ಹೇಳಿರಲಾರರು. ಒಂದೇ ಕಂಪನಿಯ ಹೆಸರಿನಲ್ಲಿ ಅವರು ಹತ್ತಾರು ಜನರಿಗೆ ಪತ್ರ ಕೊಟ್ಟಿರುತ್ತಾರೆ. ಅವರಲ್ಲಿ ಒಬ್ಬರು ಎಲ್ಲೋ ಸಿಕ್ಕಿಬಿದ್ದರೆ ಆ ಕಂಪನಿಯ ಹೆಸರು ಸಂಶಯದ ಪಟ್ಟಿಗೆ ಸೇರುತ್ತದೆ, ಮತ್ತು ಅದೇ ಹೆಸರು ಬರೆದು ಈಗಾಗಲೇ ಕೆಲಸದಲ್ಲಿರುವವರ ಕಡತಗಳನ್ನೂ ಮತ್ತೆ ತೆರೆಯುತ್ತಾರೆ. 2022ರ ನವೆಂಬರ್‌ನಲ್ಲಿ ಆಕ್ಸೆಂಚರ್ ಕಂಪನಿಯು, ಇಲ್ಲದ ಕಂಪನಿಗಳ ಅನುಭವ ಪತ್ರ ಕೊಟ್ಟು ಭಾರತದಲ್ಲಿ ಸೇರಿದ್ದವರನ್ನು ತೆಗೆದುಹಾಕಿರುವುದಾಗಿ ತಾನೇ ತಿಳಿಸಿತ್ತು. ಸೇರಿದ ದಿನ ಪಾರಾದವರು ಮುಂದೆಯೂ ಪಾರಾದರು ಎಂದಲ್ಲ. ಕಾನೂನಿನ ಮಾತು ಹೇಳುವುದಾದರೆ, ವಂಚನೆ, ನಕಲಿ ದಾಖಲೆ ಸೃಷ್ಟಿ ಮತ್ತು ಅದನ್ನು ಅಸಲಿ ಎಂದು ಬಳಸುವುದು ಭಾರತೀಯ ನ್ಯಾಯ ಸಂಹಿತೆಯ 318, 336 ಮತ್ತು 340ನೇ ಕಲಮುಗಳ ಅಡಿ ಅಪರಾಧ. ಎಷ್ಟೋ ಪ್ರಕರಣಗಳು ಪೊಲೀಸರವರೆಗೆ ಹೋಗದೆ ಕೆಲಸ ಕಳೆದುಕೊಳ್ಳುವಲ್ಲಿಗೆ ಮುಗಿಯುತ್ತವೆ ಎಂಬುದು ನಿಜ, ಆದರೆ ಅದು ಕಂಪನಿಯ ಮರ್ಜಿಗೆ ಬಿಟ್ಟ ವಿಷಯ.

‘ಸೇರಿದ ಮೇಲೆ ಕಲಿತರಾಯಿತು’ ಎಂಬ ಮಾತಂತೂ ಅಪ್ಪಟ ಮೋಸದ್ದು. ಮೂರು ವರ್ಷದ ಟೆಸ್ಟರ್ ಎಂದುಕೊಂಡು ಸಂದರ್ಶನಕ್ಕೆ ಕುಳಿತವರನ್ನು ಸೆಲೆನಿಯಂ (ಜಾಲತಾಣಗಳನ್ನು ಸ್ವಯಂಚಾಲಿತವಾಗಿ ಪರೀಕ್ಷಿಸಲು ಬಳಸುವ ಸಾಧನ) ಎಂದರೇನು ಎಂದು ಯಾರೂ ಕೇಳುವುದಿಲ್ಲ. ‘ನೀವು ದಾಖಲಿಸಿದ ಬಗ್ (ತಂತ್ರಾಂಶದ ದೋಷ) ಒಂದನ್ನು ಡೆವಲಪರ್ ಇದು ಬಗ್ ಅಲ್ಲವೇ ಅಲ್ಲ ಎಂದು ತಿರಸ್ಕರಿಸಿದಾಗ ಏನು ಮಾಡಿದಿರಿ?’ ಎಂದು ಕೇಳುತ್ತಾರೆ. ‘ರಾತ್ರಿ ಓಡಿದ ನೂರಾರು ಟೆಸ್ಟ್‌ಗಳಲ್ಲಿ ಬೆಳಗ್ಗೆ ನೋಡಿದರೆ ನಲವತ್ತು ಬಿದ್ದಿವೆ, ಮೊದಲು ಯಾವುದನ್ನು ನೋಡುತ್ತೀರಿ?’ ಎಂದು ಕೇಳುತ್ತಾರೆ. ಇವುಗಳಿಗೆ ಕಂಠಪಾಠದ ಉತ್ತರವಿಲ್ಲ. ಹೇಗೋ ದಾಟಿ ಒಳಗೆ ಹೋದಿರಿ ಎಂದುಕೊಳ್ಳಿ. ಅಲ್ಲಿ ನಿಮಗೆ ಕೊಡುವುದು ಹೊಸಬರ ಕೆಲಸವಲ್ಲ, ಮೂರು ವರ್ಷ ಪಳಗಿದವರ ಕೆಲಸ. ಹೊಸಬರಿಗೆ ಇರುವ ಬಹು ದೊಡ್ಡ ಸೌಲಭ್ಯವೆಂದರೆ ‘ಇದು ನನಗೆ ಗೊತ್ತಿಲ್ಲ, ಹೇಳಿಕೊಡಿ’ ಎಂದು ಕೇಳುವ ಹಕ್ಕು. ಆ ಪತ್ರ ಕೊಟ್ಟ ದಿನವೇ ನೀವು ಅದನ್ನು ಬಿಟ್ಟುಕೊಟ್ಟಿರುತ್ತೀರಿ. ಇದೇ ನಿಮಗೆ ಆಗುವ ಎಲ್ಲಕ್ಕಿಂತ ದೊಡ್ಡ ನಷ್ಟವೆಂದು ನಾನು ಭಾವಿಸುತ್ತೇನೆ.

ಹಾಗಾದರೆ ಏನು ಬರೆಯಬೇಕು? ಇರುವುದನ್ನು, ವಿವರವಾಗಿ. ‘ಜೂನ್ 2022ರಿಂದ 2024ರವರೆಗೆ: ತಂದೆಯವರ ಆರೈಕೆ’ ಎಂದು ಒಂದೇ ಸಾಲಿನಲ್ಲಿ ಬರೆಯಿರಿ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ವಿವರಣೆಯೂ ಬೇಕಿಲ್ಲ. ಕೋರ್ಸನ್ನು ‘ತರಬೇತಿ’ ಎಂಬ ಶೀರ್ಷಿಕೆಯ ಕೆಳಗೆ ಹಾಕಿ, ‘ಅನುಭವ’ದ ಕೆಳಗೆ ಹಾಕಬೇಡಿ. ಆಮೇಲೆ ಎಲ್ಲರಿಗೂ ತೆರೆದಿರುವ ಒಂದು ಜಾಲತಾಣವನ್ನು ಆರಿಸಿಕೊಂಡು, ಅದರ ಹುಡುಕು, ಕಾರ್ಟ್, ಹಣ ಪಾವತಿಯಂಥ ಭಾಗಗಳಿಗೆ ನೀವೇ ಟೆಸ್ಟ್ ಕೇಸ್ ಬರೆದು, ಸ್ಕ್ರಿಪ್ಟ್ ಮಾಡಿ, ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಇಡಿ. ಪುಟ ಮತ್ತೆ ಲೋಡ್ ಆದಾಗ, ಮೊದಲು ಹಿಡಿದಿಟ್ಟುಕೊಂಡಿದ್ದ ಬಟನ್ ಈಗ ಇಲ್ಲವೆಂದು ಸೆಲೆನಿಯಂ ‘ಸ್ಟೇಲ್ ಎಲಿಮೆಂಟ್’ ದೋಷ ತೋರಿಸುತ್ತದೆ. ಅದನ್ನು ನೀವೇ ಎದುರಿಸಿ, ಏಕೆ ಬಂತೆಂದು ಪತ್ತೆ ಮಾಡಿ, ಸರಿಪಡಿಸಿದ್ದರೆ ಆ ಬಗ್ಗೆ ಹತ್ತು ನಿಮಿಷ ಮಾತನಾಡಬಲ್ಲಿರಿ, ಮತ್ತು ಎದುರಿಗೆ ಕುಳಿತ ಅನುಭವಿಗೆ ಅದು ತಿಳಿಯುತ್ತದೆ. ಇದರೊಂದಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯ ಪೋರ್ಟಲ್‌ನಲ್ಲಿಯೂ ಹೆಸರು ನೋಂದಾಯಿಸಿ. ಬೆಂಗಳೂರಿನ ಎಚ್‌ಎಎಲ್, ಬಿಇಎಲ್‌ನಂಥ ಸಂಸ್ಥೆಗಳು ಎಲೆಕ್ಟ್ರಾನಿಕ್ಸ್ ಪದವೀಧರರನ್ನು ಅದರ ಮೂಲಕ ಒಂದು ವರ್ಷದ ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತವೆ. ಪದವಿ ಮುಗಿಸಿ ಎಷ್ಟು ವರ್ಷದೊಳಗೆ ಅರ್ಜಿ ಹಾಕಬೇಕೆಂಬ ಷರತ್ತನ್ನು ಪ್ರತಿ ಪ್ರಕಟಣೆಯಲ್ಲೂ ಮೊದಲು ನೋಡಿ, ತಡಮಾಡಬೇಡಿ. ಸ್ಟೈಪೆಂಡ್ ಸಣ್ಣದು, ಆದರೆ ಕೊನೆಯಲ್ಲಿ ಸಿಗುವ ಪ್ರಮಾಣಪತ್ರವನ್ನು ಯಾರು ಬೇಕಾದರೂ ಪರಿಶೀಲಿಸಿಕೊಳ್ಳಲಿ.

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಒಂಬತ್ತು ಜನರಿರುವ ವೆಬ್ ಡೆವಲಪ್‌ಮೆಂಟ್ ಕಂಪನಿಯಲ್ಲಿ 1 ವರ್ಷ 8 ತಿಂಗಳು ಕೆಲಸ ಮಾಡಿದ್ದೇನೆ. ಪಿ.ಎಫ್. ಇಲ್ಲ, ಸಂಬಳ ಫೋನ್‌ಪೇ ಮೂಲಕ ಬರುತ್ತಿತ್ತು. ನಿಜವಾದ ಅನುಭವವನ್ನೇ ನಕಲಿ ಎಂದು ತಿಳಿಯುತ್ತಾರೆಂಬ ಭಯ. ಅದನ್ನು ಎರಡು ವರ್ಷ ಎಂದು ಬರೆದರೆ ತಪ್ಪೇ?
— ಓದುಗ, ಹುಬ್ಬಳ್ಳಿ

ಉತ್ತರ: ಪಿ.ಎಫ್. ಇಲ್ಲದಿರುವುದು ನಿಮ್ಮ ಅಪರಾಧವಲ್ಲ. ಆ ಕಾಯ್ದೆ ಸಾಮಾನ್ಯವಾಗಿ 20 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಎಚ್.ಆರ್.ನವರು ಯುಎಎನ್ ಕೇಳಿದಾಗ ತಡವರಿಸದೆ, ಕಂಪನಿಯಲ್ಲಿ ಒಂಬತ್ತೇ ಜನರಿದ್ದುದರಿಂದ ಪಿ.ಎಫ್. ಇರಲಿಲ್ಲವೆಂದು ನೀವೇ ಮೊದಲು ಹೇಳಿಬಿಡಿ. ಫೋನ್‌ಪೇಯಲ್ಲಿ ಬಂದ ಸಂಬಳವೂ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ದಿನಾಂಕ ಸಹಿತ ಇರುತ್ತದೆ. ಆ ಪುಟಗಳನ್ನು ಈಗಲೇ ತೆಗೆದಿಟ್ಟುಕೊಳ್ಳಿ. ಮಾಲೀಕರಿಂದ ಲೆಟರ್‌ಹೆಡ್ ಮೇಲೆ ಸೇರಿದ ದಿನ, ಬಿಟ್ಟ ದಿನ, ಹುದ್ದೆ, ಈ ಮೂರನ್ನು ಬರೆಸಿಕೊಳ್ಳಿ. ಸಂಬಂಧ ಚೆನ್ನಾಗಿರುವಾಗಲೇ ಈ ಪತ್ರ ಸುಲಭವಾಗಿ ಸಿಗುತ್ತದೆ.

ಎರಡು ವರ್ಷ ಎಂದು ಮಾತ್ರ ಬರೆಯಬೇಡಿ. ನಾಲ್ಕು ತಿಂಗಳು ಸಣ್ಣದೆಂದು ನಿಮಗೆ ಅನ್ನಿಸಬಹುದು, ಆದರೆ ಪತ್ರದ ದಿನಾಂಕಕ್ಕೂ ರೆಸ್ಯೂಮೆಯ ದಿನಾಂಕಕ್ಕೂ ತಾಳೆಯಾಗದಿದ್ದರೆ ಪರಿಶೀಲಿಸುವವರು ಉಳಿದ ಒಂದು ವರ್ಷ ಎಂಟು ತಿಂಗಳನ್ನೂ ಸಂಶಯದಿಂದ ನೋಡುತ್ತಾರೆ. ಇನ್ನೊಂದು ಮಾತು: ಒಂಬತ್ತು ಜನರ ಕಂಪನಿಯಲ್ಲಿ ಎಲ್ಲರೂ ಎಲ್ಲ ಕೆಲಸ ಮಾಡುತ್ತಾರೆ. ಪೇಮೆಂಟ್ ಗೇಟ್‌ವೇ ಜೋಡಿಸಿದವರು ನಿಮ್ಮ ಸಹೋದ್ಯೋಗಿಯಾಗಿದ್ದು, ನೀವು ಮಾಡಿದ್ದು ಅದರ ಫಾರ್ಮ್ ಮಾತ್ರವಾಗಿದ್ದರೆ, ‘ತಂಡ ಪೇಮೆಂಟ್ ವ್ಯವಸ್ಥೆ ಕಟ್ಟಿತು, ಅದರಲ್ಲಿ ಫಾರ್ಮ್ ಮತ್ತು ವ್ಯಾಲಿಡೇಶನ್ (ತುಂಬಿದ ವಿವರ ಸರಿಯಿದೆಯೇ ಎಂಬ ತಪಾಸಣೆ) ನನ್ನದು’ ಎಂದು ಬರೆಯಿರಿ. ಸಂದರ್ಶಕರು ಪ್ರಶ್ನೆ ಕೇಳುವುದು ನೀವು ಬರೆದ ಸಾಲುಗಳ ಮೇಲೆಯೇ. ಉತ್ತರಿಸಬಲ್ಲ ಪ್ರಶ್ನೆಗಳು ಬರುವಂತೆ ಬರೆಯುವುದು ನಿಮ್ಮ ಕೈಯಲ್ಲಿದೆ.

ಪ್ರಶ್ನೆ: ಐದು ವರ್ಷದ ಹಿಂದೆ ಎರಡು ವರ್ಷದ ಸುಳ್ಳು ಅನುಭವ ತೋರಿಸಿ ಸೇರಿದೆ. ಈಗ ಕೆಲಸದಲ್ಲಿ ಒಳ್ಳೆಯ ಹೆಸರಿದೆ. ಬೇರೆ ಕಂಪನಿಗೆ ಹೋಗುವಾಗ ಏಳು ವರ್ಷ ಎಂದೇ ಹೇಳಬೇಕೇ?
— ಹೆಸರು ಬೇಡ, ಬೆಂಗಳೂರು

ಉತ್ತರ: ಬೇಡ. ಐದು ವರ್ಷ ಎಂದು ಬರೆಯಿರಿ. ಆ ಐದು ವರ್ಷ ನೀವು ದುಡಿದು ಗಳಿಸಿದ್ದು, ಅದಕ್ಕೆ ಎಲ್ಲ ದಾಖಲೆಗಳೂ ಇವೆ. ಸಂಬಳದಲ್ಲಿ ಒಂದಿಷ್ಟು ಕಡಿಮೆಯಾಗಬಹುದು, ಆಗಲಿ. ಪ್ರತಿ ಹೊಸ ಕಂಪನಿಯಲ್ಲೂ ಆ ಎರಡು ವರ್ಷವನ್ನು ಹೊಸದಾಗಿ ಸಮರ್ಥಿಸಬೇಕಾಗುತ್ತದೆ, ಮತ್ತು ಹುದ್ದೆ ದೊಡ್ಡದಾದಷ್ಟೂ ಹಿಂದಿನದನ್ನು ಕೆದಕುವವರು ಹೆಚ್ಚುತ್ತಾರೆ. 2012ರ ಜನವರಿಯಲ್ಲಿ ಯಾಹೂ ಕಂಪನಿಯ ಮುಖ್ಯಸ್ಥರಾದ ಸ್ಕಾಟ್ ಥಾಂಪ್ಸನ್ ಅವರ ಪರಿಚಯದಲ್ಲಿ ಅಕೌಂಟಿಂಗ್ ಜೊತೆಗೆ ಕಂಪ್ಯೂಟರ್ ಸೈನ್ಸ್ ಪದವಿಯೂ ಇದೆ ಎಂದಿತ್ತು. ಅವರು ಓದಿದ್ದು ಅಕೌಂಟಿಂಗ್ ಮಾತ್ರ ಎಂಬುದನ್ನು ಕಂಪನಿಯ ಷೇರುದಾರರೊಬ್ಬರು ಎತ್ತಿ ತೋರಿಸಿದರು. ಅದೇ ವರ್ಷದ ಮೇ ತಿಂಗಳಲ್ಲಿ ಥಾಂಪ್ಸನ್ ಹುದ್ದೆ ಬಿಡಬೇಕಾಯಿತು.

ಲಿಂಕ್ಡ್‌ಇನ್ ಮತ್ತು ನೌಕರಿ.ಕಾಮ್ ಪ್ರೊಫೈಲುಗಳಿಂದ ಆ ಎರಡು ವರ್ಷವನ್ನು ಇಂದೇ ತೆಗೆಯಿರಿ. ಹಳೆಯ ರೆಸ್ಯೂಮೆ ಯಾವುದೋ ರಿಕ್ರೂಟರ್ ಬಳಿ ಇದ್ದು, ವ್ಯತ್ಯಾಸ ಕೇಳಿದರೆ ‘ಹಿಂದೆ ಬರೆದದ್ದು ಸರಿಯಲ್ಲ, ಇದು ಸರಿ’ ಎನ್ನಿ. ಆ ಅವಕಾಶ ಕೈತಪ್ಪಿದರೂ ಇನ್ನೊಂದು ಸುಳ್ಳು ಸೇರಿಸಬೇಡಿ. ಈಗಿರುವ ಕಂಪನಿಗೆ ಹೇಳಬೇಕೆಂದು ನನ್ನ ಮನಸ್ಸು ಹೇಳುತ್ತದೆಯಾದರೂ, ಅದರ ಪರಿಣಾಮವನ್ನು ಅನುಭವಿಸುವವರು ನೀವು ಮತ್ತು ನಿಮ್ಮ ಮನೆಯವರು. ಆದ್ದರಿಂದ ಸೇರುವಾಗ ಸಹಿ ಹಾಕಿದ ನೇಮಕಾತಿ ಪತ್ರ ಮತ್ತು ಘೋಷಣಾ ಪತ್ರಗಳ ಪ್ರತಿಗಳನ್ನು ತೆಗೆದುಕೊಂಡು, ಕಾರ್ಮಿಕ ಮೊಕದ್ದಮೆಗಳನ್ನು ನಡೆಸುವ ವಕೀಲರೊಬ್ಬರನ್ನು ಮೊದಲು ಕಾಣಿ; ಏನು, ಯಾರಿಗೆ, ಯಾವ ರೂಪದಲ್ಲಿ ಹೇಳಬೇಕೆಂಬುದನ್ನು ಅವರೊಡನೆ ಕುಳಿತು ನಿರ್ಧರಿಸಿ.