ಹನ್ನೊಂದು ಉಡುಗೊರೆ, ಒಂದು ಖಾಲಿ ಡಬ್ಬ

ಪ್ರಶ್ನೆ: ನನ್ನ ಮಗಳಿಗೆ ಈಗ ನಾಲ್ಕು ವರ್ಷ. ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಕ್ರಿಸ್‌ಮಸ್ ಅಂದರೆ ಅಪ್ಪ ಅಮ್ಮನ ಜಗಳ. ಮಗಳಿಗೆ ಹಾಗಾಗಬಾರದು, ಅವಳಿಗೆ ಹಬ್ಬ ಅಂದರೆ ಮ್ಯಾಜಿಕ್ ಅನ್ನಿಸಬೇಕು ಅಂತ ಕಳೆದ ವರ್ಷ ಒಂದು ತಿಂಗಳು ಮೊದಲೇ ತಯಾರಿ ಶುರು ಮಾಡಿದೆ. ದೊಡ್ಡ ಕ್ರಿಸ್‌ಮಸ್ ಟ್ರೀ, ಮನೆ ತುಂಬಾ ಸೀರಿಯಲ್ ಸೆಟ್, ಎಲ್ಲರಿಗೂ ಒಂದೇ ಬಣ್ಣದ ಬಟ್ಟೆ, ಹನ್ನೊಂದು ಉಡುಗೊರೆ. ಸಾಂತಾ ವೇಷ ಹಾಕಿ ಬರಲು ನನ್ನ ತಮ್ಮನಿಗೆ ಹೇಳಿದ್ದೆ. ಅವನು ಬಾಗಿಲಲ್ಲಿ ಕಂಡಿದ್ದೇ ತಡ, ಮಗಳು ಕಿರುಚಿಕೊಂಡು ಮಂಚದ ಕೆಳಗೆ ಸೇರಿದಳು. ಹೇಗೋ ಹೊರಗೆ ಕರೆದರೆ, ಮೂರು ಉಡುಗೊರೆ ಬಿಚ್ಚಿ ಅಳಲು ಶುರು ಮಾಡಿದಳು. ಆಮೇಲೆ ಒಂದು ಖಾಲಿ ರಟ್ಟಿನ ಡಬ್ಬದೊಳಗೆ ಹೋಗಿ ಕುಳಿತವಳು ಎರಡು ಗಂಟೆ ಹೊರಗೆ ಬರಲಿಲ್ಲ. ನನಗೆ ಸಿಟ್ಟು ಬಂದು ಬೈದುಬಿಟ್ಟೆ. ರಾತ್ರಿ ಬಾತ್‌ರೂಮಿನಲ್ಲಿ ನಲ್ಲಿ ತಿರುಗಿಸಿಕೊಂಡು ನಾನೂ ಅತ್ತೆ. ಸಾಂತಾ ಇದ್ದಾನೆ ಅಂತ ಮಗುವಿಗೆ ಸುಳ್ಳು ಹೇಳುವುದೇ ತಪ್ಪು ಅನ್ನುತ್ತಾರೆ ನನ್ನ ಗಂಡ. ಫ್ಯಾಮಿಲಿ ಗ್ರೂಪಿನಲ್ಲಿ ನನ್ನ ಓರಗಿತ್ತಿ ಹಾಕುವ ಫೋಟೋ ನೋಡಿದರೆ ಅವರ ಮನೆಯೇ ಸ್ವರ್ಗ. ಈ ಸಲ ಏನು ಮಾಡಲಿ? ಕಳೆದ ವರ್ಷದ್ದು ಅವಳ ಮನಸ್ಸಿನಲ್ಲಿ ಉಳಿದುಬಿಟ್ಟಿರುತ್ತಾ? ಹೆಸರು ಬೇಡ.

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಅದು ಬಗೆಹರಿಯದೆ ಉಳಿದಿದ್ದು ಯಾವುದೂ ನಿಮ್ಮ ಕಿವಿಗೆ ಬೀಳಲ್ಲ. ಹೆದರಬೇಡಿ. ಆಗ ಅವಳಿಗೆ ಮೂರು ವರ್ಷ. ಆ ವಯಸ್ಸಿನ ನೆನಪು ದೊಡ್ಡವರಾಗುವಷ್ಟರಲ್ಲಿ ಹೆಚ್ಚಿನವರಲ್ಲಿ ಅಳಿಸಿಹೋಗಿರುತ್ತದೆ. ನಿಮ್ಮದೇ ಮೂರನೇ ವರ್ಷದ ಒಂದು ದಿನವನ್ನು ನೆನಪು ಮಾಡಿಕೊಳ್ಳಲು ನೋಡಿ. ಫೋಟೋದಲ್ಲಿ ಕಂಡಿದ್ದು, ಯಾರೋ ಹೇಳಿದ್ದು ಬಿಟ್ಟರೆ ಕೈಗೆ ಏನೂ ಸಿಗಲ್ಲ, ಅಲ್ವಾ? ಬೈದಿದ್ದೂ ಅಷ್ಟೇ. ಒಂದು ದಿನದ ಬೈಗುಳಕ್ಕೆ ಯಾವ ಮಗುವೂ ಕೆಡುವುದಿಲ್ಲ. ನೀವು ನಲ್ಲಿ ತಿರುಗಿಸಿಕೊಂಡು ಅತ್ತಿರಲ್ಲ, ನನಗೆ ಬೇಜಾರಾಗಿದ್ದು ಅದಕ್ಕೆ. ಹಬ್ಬದ ದಿನ ಅಳುವುದಕ್ಕೂ ಮರೆ ಬೇಕಾಯಿತು ನಿಮಗೆ.

ಪತ್ರವನ್ನು ಎರಡು ಸಲ ಓದಿದೆ. ಟ್ರೀ, ಲೈಟು, ಬಟ್ಟೆ, ಉಡುಗೊರೆ ಎಲ್ಲದರ ಲೆಕ್ಕ ಇದೆ. ಅಪ್ಪ ಅಮ್ಮನ ಜಗಳಕ್ಕೆ ಮಾತ್ರ ಒಂದೇ ಸಾಲು. ಆ ಸಾಲನ್ನು ಬರೆದು ಬೇಗಬೇಗ ಮುಂದೆ ಹೋಗಿಬಿಟ್ಟಿದ್ದೀರಿ. ಒಂದು ಮಾತು ಕೇಳಲಾ? ಆ ಹನ್ನೊಂದು ಉಡುಗೊರೆಯಲ್ಲಿ ನಿಮ್ಮ ಮಗಳಿಗೆ ಎಷ್ಟು, ಬಾಗಿಲ ಹಿಂದೆ ನಿಂತು ಜಗಳ ಕೇಳಿಸಿಕೊಳ್ಳುತ್ತಿದ್ದ ಆ ಹುಡುಗಿಗೆ ಎಷ್ಟು? ತಪ್ಪು ಅಂತ ಹೇಳುತ್ತಿಲ್ಲ. ನಾವೆಲ್ಲ ನಮಗೆ ಸಿಗದಿದ್ದನ್ನೇ ಮಕ್ಕಳ ಕೈಗೆ ತುರುಕುತ್ತೇವೆ. ಆದರೆ ನಿಮ್ಮ ಮಗಳ ಮನೆಯಲ್ಲಿ ಆ ಜಗಳವೇ ಇಲ್ಲ. ಅವಳಿಗೆ ಯಾವ ಬಾಕಿಯೂ ಇಲ್ಲ. ಇಲ್ಲದ ಸಾಲವನ್ನು ಬಡ್ಡಿ ಸಮೇತ ತೀರಿಸುತ್ತಾ ನೀವು ಸುಸ್ತಾಗಿದ್ದೀರಿ.

ಈಗ ಆ ಡಬ್ಬದ ವಿಷಯ. ಒಮ್ಮೆ ನೆಲದ ಮೇಲೆ ಕುಳಿತು, ಅವಳ ಎತ್ತರದಿಂದ ಆ ದಿನ ಹೇಗೆ ಕಂಡಿರಬಹುದು ಅಂತ ಯೋಚಿಸಿ. ನಾಲ್ಕೂ ಕಡೆ ಲೈಟು ಹತ್ತಿ ಆರುತ್ತಿದೆ. ದೊಡ್ಡವರೆಲ್ಲ ಮೊಬೈಲ್ ಹಿಡಿದು ಇವಳ ಮುಖವನ್ನೇ ನೋಡುತ್ತಿದ್ದಾರೆ. ಒಂದು ಗೊಂಬೆ ಕೈಗೆ ಬಂತು. ಅದರ ಕೂದಲು ಮುಟ್ಟಿ ನೋಡುವಷ್ಟರಲ್ಲಿ 'ಇದು ಬಿಚ್ಚು ಪುಟ್ಟಿ, ಇದರಲ್ಲೇನಿದೆ ನೋಡು' ಅಂತ ಇನ್ನೊಂದು. ಅದರ ಟೇಪು ಉಗುರಿಗೆ ಸಿಗುತ್ತಿಲ್ಲ. ಅಷ್ಟರಲ್ಲಿ ಮೂರನೆಯದು. ಯಾರಿಗಾದರೂ ಅಳು ಬರುತ್ತದೆ. ಆಗ ಕಣ್ಣಿಗೆ ಬಿದ್ದಿದ್ದು ಆ ಡಬ್ಬ. ನಾಲ್ಕು ಗೋಡೆ, ಒಳಗೆ ಚೂರು ಕತ್ತಲೆ, ಅವಳ ಅಳತೆಗೇ ಹೊಲಿಸಿದಂಥ ಜಾಗ. ಮೂರು ವರ್ಷದ ಮಗು ಎರಡು ಗಂಟೆ ಸುಮ್ನೆ ಕೂರುತ್ತಾ? ಅದು ಅವಳ ಮನೆಯಾಗಿತ್ತೋ ದೋಣಿಯಾಗಿತ್ತೋ ಯಾರಿಗೆ ಗೊತ್ತು. ನೀವು ತಿಂಗಳಿಡೀ ಒದ್ದಾಡಿದ ಮ್ಯಾಜಿಕ್ ಬಂದಿತ್ತು. ಬಂದು ಡಬ್ಬದೊಳಗೆ ಕೂತಿತ್ತು.

ಹಾಗಾಗಿ ಈ ಸಲ ಬೆಳಗ್ಗೆ ಒಂದೇ ಉಡುಗೊರೆ. ಅಜ್ಜಿ, ಮಾವ ಕೊಟ್ಟಿದ್ದೆಲ್ಲ ಬೀರುವಿನಲ್ಲಿ ಇರಲಿ, ಮುಂದಿನ ವಾರಗಳಲ್ಲಿ ಒಂದೊಂದೇ ಹೊರಗೆ ಬರಲಿ. ಟೇಪನ್ನು ಜಾಸ್ತಿ ಸುತ್ತಬೇಡಿ, ಅವಳ ಕೈಗೆ ಬಿಚ್ಚಲು ಬರಬೇಕು. ಬ್ಯಾಟರಿ ಆಟಿಕೆಯಾದರೆ ಹಿಂದಿನ ದಿನವೇ ಬ್ಯಾಟರಿ ಹಾಕಿಡಿ. ಬ್ಯಾಟರಿ ಅಂದಾಗ ಇನ್ನೊಂದು ಮಾತು, ಹಬ್ಬದ ಸಂಭ್ರಮದಲ್ಲಿ ಮರೆತುಹೋಗುವಂಥದ್ದು. ಹಾಡುವ ಕಾರ್ಡು, ಮಿನುಗುವ ಚಿಕ್ಕ ದೀಪಗಳ ಒಳಗೆ ಗುಂಡಿಯಂಥ ಚಪ್ಪಟೆ ಬ್ಯಾಟರಿ ಇರುತ್ತದೆ. ಮಗು ಅದನ್ನು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ಸ್ಕ್ರೂ ಹಾಕಿ ಮುಚ್ಚದ ಅಂಥ ಯಾವುದನ್ನೂ ಅವಳ ಕೈಗೆ ಎಟುಕುವಂತೆ ಇಡಬೇಡಿ. ನುಂಗಿರಬಹುದು ಅಂತ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಿ.

ಸರಿ, ಒಂದೇ ಉಡುಗೊರೆಯಾದರೆ ಉಳಿದ ಹಬ್ಬ ಎಲ್ಲಿದೆ? ಕಾಯುವುದರಲ್ಲಿದೆ. ನಾಲ್ಕು ವರ್ಷದ ಮಗುವಿಗೆ 'ಇನ್ನು ಇಪ್ಪತ್ತು ದಿನ' ಅಂದರೆ ಗಾಳಿಯಲ್ಲಿ ಮಾತಾಡಿದ ಹಾಗೆ. ಅದು ಕಣ್ಣಿಗೆ ಕಾಣಬೇಕು. 19ನೇ ಶತಮಾನದಲ್ಲಿ ಜರ್ಮನಿಯ ಪ್ರೊಟೆಸ್ಟೆಂಟ್ ಮನೆಗಳಲ್ಲಿ ಇದಕ್ಕೊಂದು ಸುಲಭದ ದಾರಿ ಇತ್ತು. ಡಿಸೆಂಬರ್ 1ರಿಂದ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 24 ಗೆರೆ ಎಳೆದು, ದಿನಕ್ಕೊಂದು ಗೆರೆ ಮಕ್ಕಳ ಕೈಯಲ್ಲಿ ಅಳಿಸುತ್ತಿದ್ದರು. ಈಗ ಅಂಗಡಿಗಳಲ್ಲಿ ಸಿಗುವ, ದಿನಕ್ಕೊಂದು ಕಿಟಕಿ ತೆರೆಯುವ ಆಡ್ವೆಂಟ್ ಕ್ಯಾಲೆಂಡರಿನ ಮೂಲ ಆ ಗೆರೆಗಳೇ. ನೀವು ಕ್ಯಾಲೆಂಡರ್ ಕೊಳ್ಳಬೇಕಾಗಿಲ್ಲ. ಗೆರೆ ಎಳೆಯಿರಿ, ಒದ್ದೆ ಬಟ್ಟೆಯನ್ನು ಅವಳ ಕೈಗೆ ಕೊಡಿ. ಒಂದು ದಿನ ಎರಡು ಗೆರೆ ಅಳಿಸಿಬಿಡುತ್ತಾಳೆ, ನೋಡುತ್ತಿರಿ. ನಗುತ್ತಾ ಒಂದನ್ನು ಮತ್ತೆ ಎಳೆಯಿರಿ.

ಇನ್ನೊಂದು ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯನ್ನು ಗೊಂಬೆ ಇಟ್ಟು ಕಟ್ಟುವುದು. ನಿಮ್ಮ ಪತ್ರದಲ್ಲಿ ಅದರ ಹೆಸರೇ ಇಲ್ಲ, ನನಗೆ ಆಶ್ಚರ್ಯವಾಯಿತು. ಟ್ರೀ ನೋಡುವ ವಸ್ತು, ಮುಟ್ಟಿದರೆ ಗಾಜಿನ ಚೆಂಡು ಒಡೆಯುತ್ತದೆ. ಗೋದಲಿ ಆಡುವ ವಸ್ತು. 1223ರಲ್ಲಿ ಇಟಲಿಯ ಗ್ರೆಚ್ಚೊ ಅನ್ನುವ ಊರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಕ್ರಿಸ್‌ಮಸ್ ರಾತ್ರಿಗೆ ಗೋದಲಿ ಕಟ್ಟಿದಾಗ ಇದ್ದದ್ದು ಏನು? ಹುಲ್ಲು, ಒಂದು ಎತ್ತು, ಒಂದು ಕತ್ತೆ. ಅಷ್ಟಕ್ಕೇ ಜನ ದೀಪ ಹಿಡಿದು ಬಂದಿದ್ದರು.

ನಮ್ಮ ಮನೆಯ ಗೋದಲಿಯಲ್ಲಿ ಒಂದು ಕುಂಟ ಕುರಿ ಇದೆ. ನನ್ನ ಮಗ ನಾಲ್ಕು ವರ್ಷದವನಿದ್ದಾಗ ಬೀಳಿಸಿ ಮುಂಗಾಲು ಮುರಿದಿದ್ದ. ಹೊಸದು ತರೋಣ ಅಂದರೆ ಒಪ್ಪಲಿಲ್ಲ. ಎತ್ತಿಗೆ ಒರಗಿಸಿ ನಿಲ್ಲಿಸಿದ. ಈಗ ಅವನಿಗೆ ಮೀಸೆ ಬಂದಿದೆ. ಆದರೂ ಪೆಟ್ಟಿಗೆ ಬಿಚ್ಚಿದ ಕೂಡಲೇ ಮೊದಲು ಹುಡುಕುವುದು ಆ ಕುರಿಯನ್ನೇ, ಬೇರೆ ಯಾರಾದರೂ ಇಟ್ಟರೆ ಮುಖ ಊದಿಸಿಕೊಳ್ಳುತ್ತಾನೆ. ಅವತ್ತು ಅವನಿಗೆ ಕೊಟ್ಟ ಉಡುಗೊರೆ ಏನು ಅಂತ ಕೇಳಿದರೆ ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ನಿಮ್ಮಲ್ಲಿ ಗೊಂಬೆ ಇಲ್ಲದಿದ್ದರೆ ಮಣ್ಣಲ್ಲೋ ರಟ್ಟಿನಲ್ಲೋ ಇಬ್ಬರೂ ಕೂತು ಮಾಡಿ. ಕತ್ತೆ ನಾಯಿಯ ಹಾಗೆ ಕಂಡರೂ ಪರವಾಗಿಲ್ಲ. ಬಾಲ ಯೇಸುವನ್ನು 24ರ ರಾತ್ರಿವರೆಗೆ ಎಲ್ಲಾದರೂ ಮುಚ್ಚಿಡಿ, ಎಲ್ಲಿ ಅಂತ ಅವಳಿಗೆ ಮಾತ್ರ ಗೊತ್ತಿರಲಿ. ಗುಟ್ಟು ಕಾಯುವುದು ಆ ವಯಸ್ಸಿನಲ್ಲಿ ದೊಡ್ಡ ಕೆಲಸ. ದಿನಕ್ಕೆ ಹತ್ತು ಸಲ ಹೋಗಿ ಇಣುಕುತ್ತಾಳೆ. ಬಾಲ ಯೇಸುವನ್ನು ನೋಡಲು ದೂರದಿಂದ ಬಂದ ಮೂವರು ಜೋಯಿಸರ ಗೊಂಬೆಗಳನ್ನು ಮನೆಯ ಇನ್ನೊಂದು ತುದಿಯಲ್ಲಿ ನಿಲ್ಲಿಸಿ, ದಿನಕ್ಕೊಂದು ಗೇಣು ಮುಂದೆ ಸರಿಸಲಿ. ಕಿಟಕಿ ಕಟ್ಟೆ, ಪುಸ್ತಕದ ಶೆಲ್ಫು, ಟಿವಿ ಸ್ಟ್ಯಾಂಡು ದಾಟಿ ಅವರು ಗೋದಲಿ ತಲುಪುವುದು ಜನವರಿ 6ಕ್ಕೆ, ಜೋಯಿಸರು ಬಂದ ನೆನಪಿನ ಹಬ್ಬದ ದಿನ. 25ರ ಮಧ್ಯಾಹ್ನಕ್ಕೇ ಎಲ್ಲ ಮುಗಿದುಹೋಯಿತು ಅನ್ನುವ ಸಪ್ಪೆತನವೂ ಇದರಿಂದ ತಪ್ಪುತ್ತದೆ.

ಸೀರಿಯಲ್ ಸೆಟ್ ಒಂದು ಸಾಕು. ಹಗಲಿಡೀ ಉರಿಯುವ ದೀಪಕ್ಕೆ ಯಾರೂ ಬೆರಗಾಗುವುದಿಲ್ಲ. ಸಂಜೆ ಮನೆಯ ಲೈಟೆಲ್ಲ ಆರಿಸಿ, ಪೂರ್ತಿ ಕತ್ತಲೆ ಮಾಡಿ. ಸ್ವಿಚ್ ಅವಳೇ ಒತ್ತಲಿ, ಎತ್ತಿಕೊಳ್ಳಬೇಕಾದರೆ ಎತ್ತಿಕೊಳ್ಳಿ. ಆಮೇಲೆ ಹತ್ತು ನಿಮಿಷ ಅದರ ಮುಂದೆ ಸುಮ್ನೆ ಕೂತಿರಿ. ಒಂದು ಹಾಡು ಬಂದರೆ ಹಾಡಿ, ಇಲ್ಲದಿದ್ದರೆ ಬೇಡ. ದಿನಾ ಅದೇ ಹೊತ್ತು, ಅದೇ ಜಾಗ. ನಮಗೆ ಬೋರು ಹೊಡೆಯುವಷ್ಟು ಒಂದೇ ಥರ ನಡೆಯುವುದೇ ಮಕ್ಕಳಿಗೆ ಹಬ್ಬ. ಹೇಳಿದ ಕಥೆಯನ್ನೇ ಹೇಳು ಅಂತ ನಿಮ್ಮ ಜೀವ ತಿನ್ನಲ್ವಾ ಅವಳು?

ಸಾಂತಾ ವಿಷಯಕ್ಕೆ ಬರೋಣ. ಅವಳು ಹೆದರಿದ್ದರಲ್ಲಿ ವಿಶೇಷ ಏನೂ ಇಲ್ಲ. ಕಣ್ಣೊಂದನ್ನು ಬಿಟ್ಟು ಮುಖವೇ ಕಾಣದ ದೊಡ್ಡ ಆಕೃತಿ, ಒಳಗಿಂದ ಮಾವನ ದನಿ. ದೊಡ್ಡವರೇ ಒಂದು ಹೆಜ್ಜೆ ಹಿಂದೆ ಹೋಗುತ್ತಾರೆ. ಈ ಸಲ ನಿಮ್ಮ ತಮ್ಮ ಅವಳ ಎದುರಿಗೇ ಕೂತು ಗಡ್ಡ ಕಟ್ಟಿಕೊಳ್ಳಲಿ, ಅವಳೇ ಟೋಪಿ ಹಾಕಲಿ. ವೇಷ ಬೇಡವೇ ಬೇಡ ಅಂದರೆ ಇನ್ನೂ ಒಳ್ಳೆಯದು. ಯಾಕೆ ಅಂದರೆ ಕ್ರಿಸ್‌ಮಸ್ ತಾತನ ಕಥೆಯ ಬೇರು ಸಂತ ನಿಕೋಲಾಸ್. 4ನೇ ಶತಮಾನದಲ್ಲಿ, ಈಗಿನ ಟರ್ಕಿಯ ಮೈರಾದಲ್ಲಿ ಬಿಷಪ್ ಆಗಿದ್ದವರು. ಮೂವರು ಬಡ ಹೆಣ್ಣುಮಕ್ಕಳ ಮನೆಗೆ ರಾತ್ರಿ ಹೊತ್ತು ಚಿನ್ನದ ಚೀಲ ಎಸೆದು, ಯಾರಿಗೂ ಕಾಣದ ಹಾಗೆ ಹೋಗಿಬಿಟ್ಟರು ಅಂತ ಅವರ ಬಗ್ಗೆ ಕಥೆ. ಬಾಗಿಲು ಬಡಿದು, ಹೊಟ್ಟೆ ಕುಣಿಸಿ, ಫೋಟೋಕ್ಕೆ ನಿಂತವರಲ್ಲ.

ನಿಮ್ಮ ಯಜಮಾನರ ಮಾತನ್ನು ನಾನು ಪೂರ್ತಿ ತಳ್ಳಿಹಾಕಲ್ಲ. 'ಹಟ ಮಾಡಿದರೆ ಸಾಂತಾ ಬರಲ್ಲ' ಅಂತ ಡಿಸೆಂಬರ್ ಪೂರ್ತಿ ಹೆದರಿಸುವ ಮನೆಗಳಿವೆ. ಅದು ಸುಳ್ಳಿಗಿಂತ ಕೆಟ್ಟದ್ದು, ಪಾಪದ ಮುದುಕನನ್ನು ಪೊಲೀಸ್ ಮಾಡಿದ ಹಾಗೆ. ಆದರೆ ಆಟ ಬೇರೆ, ಸುಳ್ಳು ಬೇರೆ. ಅವಳು ಖಾಲಿ ಲೋಟದಲ್ಲಿ ನಿಮಗೆ ಟೀ ಕೊಟ್ಟಾಗ ನಿಮ್ಮ ಯಜಮಾನರು 'ಇದರಲ್ಲಿ ಟೀ ಇಲ್ಲ' ಅನ್ನುತ್ತಾರಾ? ಚಪ್ಪರಿಸಿ ಕುಡಿಯುತ್ತಾರೆ. ನಿಕೋಲಾಸರ ಕಥೆಯನ್ನು ಕಥೆಯಾಗಿಯೇ ಹೇಳಿ. ಈಗ ಬರುತ್ತಾನಾ ಅಂತ ಕೇಳಿದರೆ 'ನಿನಗೇನನ್ನಿಸುತ್ತೆ?' ಅಂತ ವಾಪಸ್ ಕೇಳಿ. ಆಣೆ ಹಾಕಿ ನಂಬಿಸಲೂ ಬೇಡಿ, ಕೂರಿಸಿಕೊಂಡು ನಿಜ ಒಪ್ಪಿಸಲೂ ಬೇಡಿ. ಅನುಮಾನ ತಾನಾಗಿ ಬರುತ್ತದೆ. 1897ರಲ್ಲಿ ನ್ಯೂಯಾರ್ಕಿನ ವರ್ಜೀನಿಯಾ ಓಹ್ಯಾನ್ಲನ್ ಅನ್ನುವ ಹುಡುಗಿ, ಸಾಂತಾ ಇದ್ದಾನಾ ಅಂತ 'ದಿ ಸನ್' ಪತ್ರಿಕೆಗೇ ಪತ್ರ ಬರೆದಳು. ಅವಳಿಗೆ ಆಗ ಎಂಟು ವರ್ಷ. ಗೆಳೆಯರು ಇಲ್ಲ ಅಂದಿದ್ದರು. 'ಹೌದು ವರ್ಜೀನಿಯಾ, ಸಾಂತಾ ಇದ್ದಾನೆ' ಅಂತ ಆ ವರ್ಷ ಸೆಪ್ಟೆಂಬರ್ 21ರಂದು ಅಚ್ಚಾದ ಉತ್ತರವನ್ನು ಜನ ಇವತ್ತಿಗೂ ಮರೆತಿಲ್ಲ. ಅದನ್ನು ಬರೆದ ಪತ್ರಕರ್ತ ಫ್ರಾನ್ಸಿಸ್ ಚರ್ಚ್ ಅವರ ಹೆಸರು ಹೊರಬಂದಿದ್ದು 1906ರಲ್ಲಿ ಅವರು ತೀರಿಕೊಂಡ ಮೇಲೆ. ಪತ್ರಗಳಿಗೆ ಉತ್ತರ ಬರೆಯುವ ನಮ್ಮಂಥವರಿಗೆ ಅವರ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೇ. ನಿಮ್ಮ ಮಗಳ ಆ ಪ್ರಶ್ನೆಗೆ ಇನ್ನೂ ಟೈಮಿದೆ. ಅದು ಬಂದ ದಿನ ನಿಜ ಹೇಳಿ, ಆಮೇಲೆ ಗುಟ್ಟಾಗಿ ಉಡುಗೊರೆ ಇಡುವ ಕೆಲಸಕ್ಕೆ ಅವಳನ್ನೂ ಸೇರಿಸಿಕೊಳ್ಳಿ.

ಓರಗಿತ್ತಿಯ ಫೋಟೋ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಿಮ್ಮ ಮನೆಯದ್ದೂ ಕಳೆದ ವರ್ಷ ಒಂದು ಫೋಟೋ ಗ್ರೂಪಿಗೆ ಹೋಗಿರಬೇಕಲ್ಲ? ಅದರಲ್ಲಿ ಮಂಚದ ಕೆಳಗಿನ ಮಗು ಇತ್ತಾ, ನಲ್ಲಿ ಇತ್ತಾ? ಡಿಸೆಂಬರ್ ಮುಗಿಯುವವರೆಗೆ ಗ್ರೂಪನ್ನು ಮ್ಯೂಟ್ ಮಾಡಿ.

ಇನ್ನು 24ರ ರಾತ್ರಿ. ಎಂಟು ಗಂಟೆಯ ಮೇಲೆ ನೀವು ಒಂದು ಕೆಲಸವನ್ನೂ ಮುಟ್ಟಬಾರದು. ಸ್ಟಾರ್ ಸೊಟ್ಟಗಿದ್ದರೆ ಸೊಟ್ಟಗೇ ಇರಲಿ. ಮಗಳು ಬಾಲ ಯೇಸುವನ್ನು ತಂದು ಹುಲ್ಲಿನ ಮೇಲೆ ಮಲಗಿಸುವಾಗ ನಿಮ್ಮ ಕೈಯಲ್ಲಿ ಮೊಬೈಲ್ ಇರಬಾರದು, ಕತ್ತರಿ ಇರಬಾರದು. ಉಡುಗೊರೆ ಸುತ್ತುವುದು ಬಾಕಿ ಇದ್ದರೆ ಒಂದು ದಿಂಬಿನ ಕವರಿನೊಳಗೆ ಹಾಕಿ ಬಾಯಿ ಕಟ್ಟಿಬಿಡಿ. ಗಂಟನ್ನು ನಿಮ್ಮ ಯಜಮಾನರೇ ಹಾಕಲಿ, ಅವಳ ಬೆರಳಿಗೆ ಬಿಚ್ಚಲು ಬರುವ ಹಾಗೆ ಸಡಿಲವಾಗಿ. ಕಳೆದ ವರ್ಷದ ಆ ಡಬ್ಬ ಇನ್ನೂ ಅಟ್ಟದ ಮೇಲೆ ಇದ್ದರೆ ಕೆಳಗಿಳಿಸಿ, ಧೂಳು ಒರೆಸಿ ಪಕ್ಕದಲ್ಲಿಡಿ.