ಗೂಡ್ಸ್ ರೈಲಿನ ಹಳಿ ಖಾಲಿ ಇದ್ದರೂ ಲೋಕಲ್ ರೈಲು ಯಾಕೆ ಓಡಿಸುವುದಿಲ್ಲ?

ಓಡಿಸಬಹುದು. ಆದರೆ ಹಳಿ ಇದ್ದರೆ ಸಾಲದು, ಗಂಟೆಗೆ ಎಷ್ಟು ರೈಲು ಬಿಡಬಹುದು ಅನ್ನುವುದೇ ಮುಖ್ಯ.

ಇಂಥ ಹಳಿಗಳು ಹೆಚ್ಚಾಗಿ ಒಂಟಿ ಹಳಿಗಳು. ಸುರಕ್ಷತೆಗಾಗಿ ಹಳಿಯನ್ನು ಸೆಕ್ಷನ್ ಅನ್ನುವ ಭಾಗಗಳಾಗಿ ಮಾಡಿರುತ್ತಾರೆ; ಒಂದು ಸೆಕ್ಷನ್‌ನಲ್ಲಿ ಒಂದು ಸಲಕ್ಕೆ ಒಂದೇ ರೈಲು ಇರಬೇಕು. ಇಪ್ಪತ್ತು ಕಿಲೋಮೀಟರ್ ಉದ್ದದ ಇಡೀ ದಾರಿ ಒಂದೇ ಸೆಕ್ಷನ್ ಅಂದುಕೊಳ್ಳಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗಲು ಅರ್ಧ ಗಂಟೆ, ಎದುರಿನಿಂದ ಬರಲು ಇನ್ನರ್ಧ ಗಂಟೆ. ಅಂದರೆ ಒಂದು ದಿಕ್ಕಿಗೆ ಗಂಟೆಗೆ ಒಂದೇ ರೈಲು. ಕಲ್ಲಿದ್ದಲು ಕಾಯುತ್ತದೆ, ಆಫೀಸಿಗೆ ಹೊರಟವರು ಕಾಯುವುದಿಲ್ಲ, ಅಲ್ವಾ?

ನಡುವೆ ರೈಲುಗಳ ಕ್ರಾಸಿಂಗ್‌ಗೆ ಒಂದು ಲೂಪ್ ಲೈನ್ (ಒಂದು ರೈಲು ಪಕ್ಕಕ್ಕೆ ಸರಿದು ನಿಲ್ಲುವ ಹಳಿ) ಮತ್ತು ಸಿಗ್ನಲ್ ಹಾಕಿದರೆ ಸೆಕ್ಷನ್ ಎರಡಾಗುತ್ತದೆ. ಆಗ ಒಂದೊಂದು ದಿಕ್ಕಿಗೂ ಸುಮಾರು ಅರ್ಧ ಗಂಟೆಗೊಂದು ರೈಲು ಬಿಡಬಹುದು. ಹಳಿ ಸರಿಮಾಡಿ ವೇಗ ಹೆಚ್ಚಿಸಿದರೂ ಅನುಕೂಲ ಆಗುತ್ತದೆ. ನನ್ನ ಪ್ರಕಾರ ಮೊದಲ ದುಡ್ಡು ಇಲ್ಲಿಗೇ ಹೋಗಬೇಕು, ಚೆಂದದ ಸ್ಟೇಷನ್ ಕಟ್ಟಡಕ್ಕಲ್ಲ. ಪ್ಲಾಟ್‌ಫಾರ್ಮ್, ಲೆವೆಲ್ ಕ್ರಾಸಿಂಗ್‌ಗಳ ಖರ್ಚಂತೂ ಇದ್ದೇ ಇದೆ.

ಇಂಗ್ಲೆಂಡಿನ ನಾರ್ತಂಬರ್‌ಲ್ಯಾಂಡ್ ಲೈನ್‌ನಲ್ಲಿ 1964ರಲ್ಲಿ ಪ್ರಯಾಣಿಕರ ರೈಲು ನಿಂತಿತು. ಗೂಡ್ಸ್ ಮಾತ್ರ ಓಡುತ್ತಿತ್ತು. 2024ರ ಡಿಸೆಂಬರ್‌ನಲ್ಲಿ ಆಶಿಂಗ್ಟನ್‌ನಿಂದ ನ್ಯೂಕ್ಯಾಸಲ್‌ಗೆ ಮತ್ತೆ ಜನ ರೈಲು ಹತ್ತಿದರು. ಹಳಿ ಕಿತ್ತುಹಾಕದೆ ಉಳಿಸಿಕೊಂಡಿದ್ದರಿಂದ ಹೊಸದಾಗಿ ಜಾಗ ಹುಡುಕಿ ದಾರಿ ಮಾಡುವ ದೊಡ್ಡ ಕೆಲಸ ಅಲ್ಲಿ ತಪ್ಪಿತು.